ಹುಲ್ಲಿಗೆ ಕೊಯ್ಲಿನ ದಿನವಿಲ್ಲ

ಹೊಲಕ್ಕೆ ಜೀವಾಮೃತ ಸುರಿದರೆ ಬೆಳೆ ಕೈಗೆ ಬರಲು ತಿಂಗಳುಗಳು ಬೇಕು. ಆಟದ ಮೈದಾನಕ್ಕೆ ಸುರಿದರೆ ಸಂಜೆಗೇ ಮಕ್ಕಳು ಅದರ ಮೇಲೆ ಬಿದ್ದು ಏಳುತ್ತಾರೆ. ಸೆಗಣಿಯ ದ್ರವಗೊಬ್ಬರ ಹೊಲ ದಾಟಿ ಹುಲ್ಲುಹಾಸಿನತ್ತ ಹೊರಟಿರುವ ಈ ಹೊತ್ತಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ಡ್ರಮ್ಮಿನಿಂದ ಮಗುವಿನ ಬಾಯಿಗೆ ಎಷ್ಟು ದಿನದ ಅಂತರವಿದೆ?

ಮಳೆ ಹಿಂದೆ ಸರಿಯುವ ಹೊತ್ತು. ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಹಾಪುರ ಸೀಮೆಯ ನೂಲದ ಸುತ್ತಲಿನ ಹೊಲಗಳಲ್ಲಿ ಕಬ್ಬು ಆಳೆತ್ತರ ದಾಟಿದೆ. ಬದುವಿನ ಬೇವಿನ ನೆರಳಿನಲ್ಲಿ ಇನ್ನೂರು ಲೀಟರಿನ ನೀಲಿ ಡ್ರಮ್ಮು, ಅದರ ಬಾಯಿಗೆ ಹೊದಿಸಿದ ಗೋಣಿತಟ್ಟು. ರೈತರು ತಟ್ಟು ಸರಿಸಿ ಉದ್ದನೆಯ ಕೋಲಿನಿಂದ ಬಲಸುತ್ತಾಗಿ ತಿರುವುತ್ತಾರೆ. ನೊರೆ ಏಳುತ್ತದೆ, ಹುಳಿತ ಬೆಲ್ಲದ ವಾಸನೆಯೂ ಸೆಗಣಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬರುತ್ತವೆ. ಅಲ್ಲಿಂದ ಸ್ವಲ್ಪವೇ ದೂರದ ಗಡಹಿಂಗ್ಲಜದಲ್ಲಿ ಹುಡುಗರು ಬೂಟಿನ ಲಾಡಿ ಬಿಗಿದು ಮೈದಾನಕ್ಕಿಳಿದಿರುತ್ತಾರೆ. ದೀಪಾವಳಿ ಹತ್ತಿರವಾದಂತೆ ಈ ಊರಿಗೆ ಫುಟ್‌ಬಾಲಿನ ಜ್ವರ ಏರುತ್ತದೆ. ಕೊಲ್ಹಾಪುರದಲ್ಲಂತೂ ಪಾಟಾಕಡೀಲ್, ಖಂಡೋಬಾ, ದಿಲ್‌ಬಹಾರ್ ಎಂಬ ಕುಸ್ತಿಯ ತಾಲೀಮುಗಳ ಹೆಸರು ಹೊತ್ತ ತಂಡಗಳೇ ಶಾಹು ಕ್ರೀಡಾಂಗಣದಲ್ಲಿ ಎದುರುಬದುರಾಗುತ್ತವೆ. ಒಬ್ಬ ಹುಡುಗ ಚೆಂಡಿಗಾಗಿ ಜಾರಿ ಬೀಳುತ್ತಾನೆ, ಮೊಣಕಾಲು ತರಚುತ್ತದೆ. ಎದ್ದವನು ಕೈಯನ್ನು ಚಡ್ಡಿಗೆ ಒರೆಸಿ, ಅದೇ ಕೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾನೆ.

ಈ ಡ್ರಮ್ಮು ಮತ್ತು ಈ ಮೈದಾನ ಇಷ್ಟು ದಿನ ಬೇರೆಬೇರೆ ಲೋಕಗಳಾಗಿದ್ದವು. ಈಗ ಅವು ಒಂದಕ್ಕೊಂದು ಹತ್ತಿರ ಬರುತ್ತಿವೆ. ಕಬ್ಬಿಗೆ ಒಳ್ಳೆಯದಾದದ್ದು ಹುಲ್ಲಿಗೂ ಒಳ್ಳೆಯದೇ ಅಲ್ಲವೇ ಎಂದು ಮನೆಯ ಮುಂದೆ ಲಾನ್ ಬೆಳೆಸಿದವರು ಕೇಳುತ್ತಾರೆ. ಶಾಲೆ, ಉದ್ಯಾನ, ಮೈದಾನಗಳನ್ನು ನೋಡಿಕೊಳ್ಳುವವರಿಗೂ ಅದೇ ಯೋಚನೆ ಬರುವುದು ಸಹಜ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಅಭಿಯಾನದಲ್ಲಿ ಇಂಥ ಒಳಸುರಿಗಳನ್ನು ತಯಾರಿಸಿ ಕೊಡಲು 10,000 ಕೇಂದ್ರಗಳ ಗುರಿ ಇದೆ. ಹಟ್ಟಿಯಿಲ್ಲದ ಪಟ್ಟಣದವರಿಗೂ ಸಿದ್ಧ ಜೀವಾಮೃತದ ಕ್ಯಾನು ಸಿಗುವ ದಿನ ದೂರವಿಲ್ಲ. ಹೊರದೇಶಗಳಲ್ಲಿ ಈ ದಾರಿ ಹಳೆಯದು. ಕಳಿತ ಗೊಬ್ಬರವನ್ನು ನೀರಲ್ಲಿ ನೆನೆಸಿ, ಗಾಳಿ ಊದಿಸಿ ತೆಗೆದ ‘ಕಾಂಪೋಸ್ಟ್ ಟೀ’ಯನ್ನು ಅಮೆರಿಕದಲ್ಲಿ ಗಾಲ್ಫ್ ಮೈದಾನಗಳಿಗೂ ವಿಶ್ವವಿದ್ಯಾಲಯಗಳ ಹುಲ್ಲುಹಾಸಿಗೂ ಎರಡು ದಶಕಗಳಿಂದ ಸಿಂಪಡಿಸುತ್ತಾ ಬಂದಿದ್ದಾರೆ. ನಮ್ಮ ಜೀವಾಮೃತ ಅದರ ದಾಯಾದಿ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ನೆನೆಸುವುದು ಬಿಸಿಯಲ್ಲಿ ಕಳಿತ ಗೊಬ್ಬರ. ಇಲ್ಲಿ ನೆನೆಸುವುದು ಹಸಿ ಸೆಗಣಿ.

ಜೀವಾಮೃತ ಬೇಡ ಎನ್ನುವುದು ಈ ಲೇಖನದ ವಾದವಲ್ಲ. ಹೊಲದಲ್ಲಿ ಅದಕ್ಕೆ ಅದರದೇ ಜಾಗವಿದೆ. ವಾದ ಇಷ್ಟು: ಸೆಗಣಿಯ ದ್ರವವನ್ನು ಸುರಕ್ಷಿತವಾಗಿಸುವುದು ಅದರ ನೈಸರ್ಗಿಕ ಗುಣವಲ್ಲ, ಗೊಬ್ಬರ ಕಳಿಯುವಾಗಿನ ಬಿಸಿ, ಬಳಸಿದ ಮೇಲೆ ಕಳೆಯುವ ಕಾಲ ಮತ್ತು ಬಾಯಿಗೂ ಗಾಯಕ್ಕೂ ಅದರಿಂದ ಇರುವ ದೂರ. ಆಟದ ಹುಲ್ಲಿನಲ್ಲಿ ಈ ಮೂರೂ ಒಟ್ಟಿಗೆ ಕೈಬಿಡುತ್ತವೆ. ಆದ್ದರಿಂದ ಹೊಲದ ನಿಯಮವನ್ನು ಹಾಗೆಯೇ ಮೈದಾನಕ್ಕೆ ತರಲಾಗದು.

ಡ್ರಮ್ಮಿನೊಳಗಿನ ಬೆಲ್ಲ

ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಜನಪ್ರಿಯಗೊಳಿಸಿದ ಜೀವಾಮೃತದ ಲೆಕ್ಕ ಈ ಭಾಗದ ರೈತರಿಗೆ ಬಾಯಿಪಾಠ. ಸೆಗಣಿ ಸೂಕ್ಷ್ಮಜೀವಿಗಳನ್ನು ತರುತ್ತದೆ, ಬೆಲ್ಲ ಅವಕ್ಕೆ ಶಕ್ತಿ ಕೊಡುತ್ತದೆ, ಬೇಳೆ ಹಿಟ್ಟು ಸಾರಜನಕ ಒದಗಿಸುತ್ತದೆ, ಬದುವಿನ ಮಣ್ಣು ಊರಿನದೇ ಜೀವಾಣುಗಳನ್ನು ಸೇರಿಸುತ್ತದೆ. ಎರಡು ದಿನದಲ್ಲಿ ಅವುಗಳ ಸಂಖ್ಯೆ ಅಪಾರವಾಗಿ ಹೆಚ್ಚುತ್ತದೆ. ಇದೇ ಆ ವಿಧಾನದ ಜಾಣ್ಮೆ; ಅದರ ಅಪಾಯ ಇರುವುದೂ ಇಲ್ಲಿಯೇ. ಬೆಲ್ಲಕ್ಕೆ ಒಳ್ಳೆಯ ಜೀವಿ, ಕೆಟ್ಟ ಜೀವಿ ಎಂಬ ಭೇದ ತಿಳಿಯದು. ದನದ ಕರುಳಿನಲ್ಲಿ ಸಹಜವಾಗಿ ಬದುಕುವ ಇ-ಕೋಲೈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಿರಪಾಯಕಾರಿ. ಆದರೆ ಅವುಗಳ ನಡುವೆ ಒ-157ರಂಥ ವಿಷಕಾರಿ ತಳಿ ಸೇರಿಕೊಂಡಿದ್ದರೆ ಅದೂ ಅದೇ ಬೆಲ್ಲವನ್ನು ಉಂಡು ಬೆಳೆಯುತ್ತದೆ. ಸಾಲ್ಮೊನೆಲ್ಲಾದ ಕಥೆಯೂ ಅದೇ. ಇಂಥ ತಳಿ ಹೊತ್ತ ಹಸುವಿಗೆ ಯಾವ ಕಾಯಿಲೆಯ ಲಕ್ಷಣವೂ ಇರುವುದಿಲ್ಲ. ಹಾಲು ಕೊಡುತ್ತದೆ, ಮೇಯುತ್ತದೆ. ಹಸುವಿನ ಮೈ ನೋಡಿ ಸೆಗಣಿಯ ಗುಣ ಹೇಳಲು ಯಾರಿಂದಲೂ ಆಗದು.

ಇದು ಬರೀ ಊಹೆಯಲ್ಲ. ಕಾಂಪೋಸ್ಟ್ ಟೀಗೆ ಕಾಕಂಬಿ ಸೇರಿಸಿದಾಗ ಒ-157 ಮತ್ತು ಸಾಲ್ಮೊನೆಲ್ಲಾ ಮತ್ತೆ ಹೆಚ್ಚುತ್ತವೆಯೇ ಎಂದು ಪರೀಕ್ಷಿಸಿದ ಪ್ರಯೋಗಗಳು 2004ರಲ್ಲಿ ಪ್ರಕಟವಾದವು. ಕಾಕಂಬಿ ಇದ್ದಲ್ಲಿ ಅವು ಬೆಳೆದವು. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2007ರಲ್ಲಿ ಇದನ್ನು ಇನ್ನಷ್ಟು ಆಳವಾಗಿ ನೋಡಿದರು. ಪೋಷಕ ಸೇರಿಸಿದ ಟೀಯಲ್ಲಿ, ಗಾಳಿ ಊದಿದರೂ ಊದದಿದ್ದರೂ, ರೋಗಾಣು ಬೆಳೆಯಬಲ್ಲದು ಎಂಬುದು ಅವರಿಗೆ ಕಂಡಿತು. ಕಾಕಂಬಿ ಕಬ್ಬಿನ ಮಗು, ಬೆಲ್ಲವೂ ಕಬ್ಬಿನ ಮಗು. 2014ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರದ ಬೆಲ್ಲ ಊಟದ ತಟ್ಟೆಯಲ್ಲಿ ಎಷ್ಟು ಹಿತವೋ, ಸೆಗಣಿ ನೀರಿನ ಡ್ರಮ್ಮಿನಲ್ಲಿ ಅಷ್ಟೇ ಎಚ್ಚರ ಬೇಡುತ್ತದೆ.

ಆ ಪ್ರಯೋಗಗಳ ಇನ್ನೊಂದು ಪಾಠ ನಮಗೆ ಹೆಚ್ಚು ಉಪಯುಕ್ತ. ಚೆನ್ನಾಗಿ ಕಳಿತ ಗೊಬ್ಬರವನ್ನು ಶುದ್ಧ ನೀರಿನಲ್ಲಿ, ಬೆಲ್ಲ-ಹಿಟ್ಟು ಯಾವುದನ್ನೂ ಸೇರಿಸದೆ ನೆನೆಸಿದಾಗ ಅಪಾಯ ಬಹಳ ಇಳಿಯುತ್ತದೆ. ಅಮೆರಿಕದ ಸಾವಯವ ಮಾನದಂಡ ಮಂಡಳಿಯ ಕಾರ್ಯಪಡೆ 2004ರಲ್ಲಿ ಕೊಟ್ಟ ಶಿಫಾರಸು ನಿಂತಿರುವುದು ಇದೇ ವಿವೇಕದ ಮೇಲೆ. ಪೋಷಕ ಸೇರಿಸಿದ ಟೀಯನ್ನು ಬಳಸುವ ಮೊದಲು ಪರೀಕ್ಷೆ ಮಾಡಿಸಬೇಕು; 100 ಮಿಲಿಲೀಟರಿನಲ್ಲಿ ಇ-ಕೋಲೈ 126ರ ಮಿತಿ ದಾಟಬಾರದು. ದಾಟಿದರೆ ಅದನ್ನು ಹಸಿ ಸೆಗಣಿ ಎಂದೇ ಎಣಿಸಬೇಕು. ಅಲ್ಲಿನ ಆಹಾರ ಸುರಕ್ಷತೆಯ ಕಾನೂನು ಕೂಡ ಪೋಷಕ ಬೆರೆಸಿದ ಟೀಯನ್ನು ಸಂಸ್ಕರಿಸದ ಗೊಬ್ಬರದ ಸಾಲಿನಲ್ಲೇ ಇಟ್ಟಿದೆ. ಈ ಅಳತೆಗೋಲಿನಲ್ಲಿ ನಮ್ಮ ಜೀವಾಮೃತ ಎರಡು ಕಾರಣಕ್ಕೆ ಹಸಿ ಗೊಬ್ಬರವೇ: ಅದರ ಮೂಲ ಹಸಿ ಸೆಗಣಿ, ಅದರ ಪೋಷಕ ಬೆಲ್ಲ.

┃ ಬಾಕ್ಸ್: ಮೂರು ದ್ರವ, ಮೂರು ಬಗೆ
ಜೀವಾಮೃತ: 10 ಕಿಲೋ ಹಸಿ ಸೆಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, 200 ಲೀಟರ್ ನೀರು. 48 ಗಂಟೆ ಹುಳಿಯಬೇಕು. ಒಂದು ಎಕರೆಗೆ ಸಾಕು.
ಕಾಂಪೋಸ್ಟ್ ಟೀ: ಕಳಿತ ಗೊಬ್ಬರವನ್ನು ನೀರಿನಲ್ಲಿ ನೆನೆಸಿ ಸೋಸಿದ್ದು. ಕೆಲವರು ಪಂಪಿನಿಂದ ಗಾಳಿ ಊದುತ್ತಾರೆ, ಕೆಲವರು ಕಾಕಂಬಿ ಸೇರಿಸುತ್ತಾರೆ.
ಎರೆಜಲ: ಎರೆಹುಳು ತೊಟ್ಟಿಯಿಂದ ಬಸಿದ ನೀರು. ಎರೆಗೊಬ್ಬರದ ತೊಟ್ಟಿ ಬಿಸಿಯೇರುವುದಿಲ್ಲ; ಆದ್ದರಿಂದ ರೋಗಾಣು ಸತ್ತಿದೆ ಎಂದು ನಂಬಲಾಗದು.

ಹೊಲದ ಲೆಕ್ಕ, ಮೈದಾನದ ಲೆಕ್ಕ

ಹಸಿ ಗೊಬ್ಬರ ಹಾಕಿದ ಹೊಲದಲ್ಲಿ ರೋಗಾಣು ಶಾಶ್ವತವಾಗಿ ಉಳಿಯುವುದಿಲ್ಲ. ಬಿಸಿಲು, ಒಣಹವೆ ಮತ್ತು ಮಣ್ಣಿನ ಇತರ ಜೀವಿಗಳ ಪೈಪೋಟಿ ಅದನ್ನು ಕ್ರಮೇಣ ಮುಗಿಸುತ್ತವೆ. ಇದಕ್ಕೆ ಬೇಕಾದದ್ದು ಕಾಲ. ಅದಕ್ಕೇ ಅಮೆರಿಕದ ಸಾವಯವ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗದ ಬೆಳೆಯಾದರೆ ಹಸಿ ಗೊಬ್ಬರಕ್ಕೂ ಕೊಯ್ಲಿಗೂ ನಡುವೆ 90 ದಿನ, ತಾಗುವ ಬೆಳೆಯಾದರೆ 120 ದಿನ ಇರಬೇಕು. ನಮ್ಮ ಹಿರಿಯರ ಪದ್ಧತಿಯಲ್ಲೂ ಈ ಅಂತರ ತಾನಾಗಿಯೇ ಇತ್ತು. ವರ್ಷವಿಡೀ ತಿಪ್ಪೆಯಲ್ಲಿ ಕಳಿತದ್ದನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊತ್ತು ಹರಡುತ್ತಿದ್ದರು. ಬಿತ್ತನೆ ಮುಂಗಾರಿಗೆ, ಸುಗ್ಗಿ ಅದಕ್ಕೂ ತಿಂಗಳುಗಳ ನಂತರ. ಕಬ್ಬಿಗೆ ಜೀವಾಮೃತ ಕೊಟ್ಟರೂ ಕೊಯ್ಲು ದೂರ, ಆಮೇಲೆ ರಸವನ್ನು ಕೊಪ್ಪರಿಗೆಯಲ್ಲಿ ಕುದಿಸಿಯೇ ಬೆಲ್ಲ ಮಾಡುತ್ತಾರೆ. ಕಾಲ ಮತ್ತು ಬೆಂಕಿ ಎರಡೂ ಕಾವಲಿಗಿವೆ.

ಹುಲ್ಲಿಗೆ ಕೊಯ್ಲಿನ ದಿನವಿಲ್ಲ. ಅಥವಾ ಹೀಗೂ ಹೇಳಬಹುದು: ಆಟದ ಹುಲ್ಲಿಗೆ ಪ್ರತಿ ಸಂಜೆಯೂ ಕೊಯ್ಲೇ. ಬೆಳಗ್ಗೆ ಸಿಂಪಡಿಸಿದ್ದರ ಮೇಲೆ ಸಂಜೆ ಅಂಗೈ, ಮೊಣಕಾಲು, ಮುಖ ಊರುತ್ತವೆ. ಅಂಬೆಗಾಲಿಡುವ ಮಗು ಲಾನ್ ಮೇಲೆ ಕೈಯೂರಿ ಅದೇ ಕೈಯನ್ನು ಬಾಯಿಗಿಡುತ್ತದೆ. ಒ-157 ತಳಿಯ ನೂರಕ್ಕೂ ಕಡಿಮೆ ಕೋಶಗಳು ಹೊಟ್ಟೆ ಸೇರಿದರೂ ಕಾಯಿಲೆ ಬರಬಲ್ಲದು. ಸೋಂಕು ತಗಲಿದ ಪುಟ್ಟ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ರಕ್ತಭೇದಿಯ ಬೆನ್ನಿಗೇ ಮೂತ್ರಪಿಂಡ ಕೆಡುವ ಹಂತ ಎದುರಾಗುತ್ತದೆ. ದೊಡ್ಡವರಿಗೆ ಮೂರು ದಿನದ ಹೊಟ್ಟೆನೋವಾಗಿ ಮುಗಿಯುವುದು ಮಗುವಿಗೆ ಡಯಾಲಿಸಿಸ್ ಆಗಬಹುದು.

ಹುಲ್ಲಿನ ಮೂಲಕ ಕಾಯಿಲೆ ಹರಡುವುದೇ ಎಂಬ ಸಂದೇಹಕ್ಕೆ ಬ್ರಿಟನ್ನಿನ ಎರಡು ಘಟನೆಗಳು ಉತ್ತರ ಕೊಡುತ್ತವೆ. 1997ರಲ್ಲಿ ಗ್ಲಾಸ್ಟನ್‌ಬರಿಯ ಸಂಗೀತೋತ್ಸವ ನಡೆದದ್ದು ಹಿಂದೆ ದನ ಮೇದಿದ್ದ ಹೊಲದಲ್ಲಿ. ಆ ವರ್ಷ ಮಳೆ ಸುರಿದು ನೆಲ ಕೆಸರಾಗಿತ್ತು. ಬಂದವರಲ್ಲಿ ಕೆಲವರಿಗೆ ಒ-157 ಸೋಂಕು ತಗಲಿತು. 2000ದ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ನ್ಯೂ ಡೀರ್ ಎಂಬಲ್ಲಿ ಸ್ಕೌಟ್ ಮಕ್ಕಳ ಶಿಬಿರ ಹೂಡಿದ್ದು ಕುರಿ ಮೇದಿದ್ದ ಬಯಲಿನಲ್ಲಿ. ಅಲ್ಲಿಯೂ ಮಳೆ, ಕೆಸರು. 20 ಮಂದಿಗೆ ಸೋಂಕಾಯಿತು. ಎರಡೂ ಕಡೆ ಸೋಂಕಿನ ಮೂಲವೆಂದು ಕಂಡದ್ದು ದ್ರವಗೊಬ್ಬರವಲ್ಲ. ಅಲ್ಲಲ್ಲಿ ಬಿದ್ದ ಹಿಕ್ಕೆ, ಸೆಗಣಿಯೇ ಸಾಕಾಯಿತು. ಇದಾದ ಮೇಲೆ ಅಲ್ಲಿನ ತಜ್ಞರು ಕೊಟ್ಟ ಸಲಹೆ ಸರಳ: ಜನ ಸೇರುವ ಹುಲ್ಲುಗಾವಲಿನಿಂದ ಮೂರು ವಾರ ಮೊದಲೇ ದನಕರುಗಳನ್ನು ದೂರವಿಡಿ, ಬಿದ್ದ ಸೆಗಣಿ ತೆಗೆಯಿರಿ, ಹುಲ್ಲು ಕತ್ತರಿಸಿ ಬಿಸಿಲು ತಾಗುವಂತೆ ಮಾಡಿ. ಸಹ್ಯಾದ್ರಿಯ ಮಳೆ ಉಣ್ಣುವ ನಮ್ಮ ಮೈದಾನಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಒದ್ದೆ ನೆಲ, ಮೋಡ ಮುಸುಕಿದ ಆಕಾಶ, ಕೆಸರಿನಲ್ಲಿ ಹೊರಳುವ ಆಟ: ರೋಗಾಣು ಉಳಿಯಲು ಬೇಕಾದದ್ದೆಲ್ಲ ಆಷಾಢ-ಶ್ರಾವಣದಲ್ಲಿ ಇಲ್ಲಿ ಒದಗುತ್ತದೆ.

ಗಾಯ, ಗೋಮೂತ್ರ, ಗಾಳಿ

ಬಾಯಿಯಷ್ಟೇ ದಾರಿಯಲ್ಲ. ತರಚಿದ ಮೊಣಕಾಲು ಇನ್ನೊಂದು ದಾರಿ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲೂ ಪ್ರಾಣಿಗಳ ಸೆಗಣಿಯಲ್ಲೂ ವರ್ಷಗಟ್ಟಲೆ ಬದುಕುತ್ತವೆ. ಬಿಸಿಲಿಗೂ ಒಣಹವೆಗೂ ಜಗ್ಗುವುದಿಲ್ಲ. ಹೊಕ್ಕಳುಬಳ್ಳಿಗೆ ಸೆಗಣಿ ಹಚ್ಚುವ ರೂಢಿಯಿಂದ ಎಷ್ಟೋ ಕೂಸುಗಳು ಧನುರ್ವಾಯುವಿಗೆ ಬಲಿಯಾದ ಕಾಲ ಬಹಳ ಹಿಂದಿನದೇನಲ್ಲ. ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿದ್ದು 2015ರಲ್ಲಿ. ಆ ಗೆಲುವು ಬಂದದ್ದು ಲಸಿಕೆಯಿಂದ, ಶುಚಿಯಾದ ಹೆರಿಗೆಯಿಂದ. ಆಟಗಾರನ ಮಟ್ಟಿಗೆ ಇದರ ಅರ್ಥ ಸ್ಪಷ್ಟ: 10 ಮತ್ತು 16ನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದು ತಪ್ಪಬಾರದು, ಗಾಯವನ್ನು ಕೂಡಲೇ ಸೋಪು-ನೀರಿನಿಂದ ತೊಳೆಯಬೇಕು.

ಗೋಮೂತ್ರದ ವಿಚಾರ ಸೂಕ್ಷ್ಮ. ಅದರ ಮೇಲಿನ ಭಕ್ತಿಯನ್ನು ಗೌರವಿಸುತ್ತಲೇ ಒಂದು ಸಂಗತಿ ಹೇಳಬೇಕು. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ದನಗಳ ಮೂತ್ರದಲ್ಲೂ ಹೊರಬರುತ್ತದೆ; ಒದ್ದೆ ನೆಲದಲ್ಲಿ ಉಳಿದು, ಬಿರಿದ ಅಥವಾ ತರಚಿದ ಚರ್ಮದ ಮೂಲಕ ಮೈ ಸೇರುತ್ತದೆ. ಅದು ತರುವ ಕಾಯಿಲೆಗೆ ಇಲಿಜ್ವರ ಎಂಬ ಹೆಸರಿರುವುದರಿಂದ ಇಲಿಯೊಂದೇ ಮೂಲವೆಂದು ನಾವು ನಂಬಿದ್ದೇವೆ. ಘಟ್ಟದ ಕೆಳಗಿನ ಕೊಂಕಣದ ಜನರಿಗೆ ಮಳೆಗಾಲದ ಈ ಜ್ವರ ಅಪರಿಚಿತವಲ್ಲ. ಹಾಗಾಗಿ ಮಳೆಗಾಲದಲ್ಲಿ ಬರಿಗಾಲಿನ ಮಕ್ಕಳು ಓಡಾಡುವ ಹುಲ್ಲಿಗೆ ತಾಜಾ ಗೋಮೂತ್ರ ಬೆರೆತ ದ್ರವ ಸುರಿಯದಿರುವುದೇ ಲೇಸು.

ಮೂರನೆಯ ದಾರಿ ಗಾಳಿ. ಬೆನ್ನಿಗೆ ಕಟ್ಟಿದ ಪಂಪಿನಿಂದ ಸಣ್ಣ ಹನಿಗಳಾಗಿ ಚಿಮುಕಿಸಿದಾಗ ದ್ರವ ಎಲೆಗೆ ಮಾತ್ರ ಹೋಗುವುದಿಲ್ಲ. ಸಿಂಪಡಿಸುವವರ ಶ್ವಾಸಕ್ಕೂ ಹೋಗುತ್ತದೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಕುಂಡಕ್ಕೆ ತುಂಬುವ ಗೊಬ್ಬರಮಣ್ಣಿನ ಚೀಲಗಳ ಮೇಲೆ ‘ಮುಖಗವಸು ಧರಿಸಿ’ ಎಂಬ ಎಚ್ಚರಿಕೆ ಇರುತ್ತದೆ. ಅದರಲ್ಲಿ ಬೆಳೆಯುವ ಲೀಜಿಯೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ನ್ಯುಮೋನಿಯಾ ತರಬಲ್ಲದು. ಒಣ ಗೊಬ್ಬರದ ಧೂಳಿನಲ್ಲಿ ಶಿಲೀಂಧ್ರದ ಕಣಗಳೂ ಇರುತ್ತವೆ. ದಮ್ಮು ಇದ್ದವರಿಗೆ ಅವು ಒಳ್ಳೆಯದಲ್ಲ. ಈ ಕೆಲಸ ಮಾಡುವವರು ಸಾಮಾನ್ಯವಾಗಿ ದಿನಗೂಲಿಯ ಮಾಲಿಗಳು. ಮೈದಾನದ ಸುರಕ್ಷತೆಯ ಮಾತು ಅವರಿಂದಲೇ ಶುರುವಾಗಬೇಕು. ಕೈಗವಸು, ಮುಖಗವಸು, ಗಂಬೂಟು, ಸೋಪು ಒದಗಿಸದೆ ಡ್ರಮ್ಮು ಕೊಡುವುದು ಅನ್ಯಾಯ.

ಡ್ರಮ್ಮಿಗೆ ಸುರಿಯುವ ನೀರನ್ನೂ ಮರೆಯುವಂತಿಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸಾವಿರಾರು ಜನ ಕಾಮಾಲೆಯಿಂದ ನರಳಿದರು, ಸಾವುಗಳೂ ಆದವು. ಪಂಚಗಂಗಾ ನದಿಯ ನೀರು ಏನನ್ನು ಹೊತ್ತು ತರಬಲ್ಲದೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಳೆಯಿಂದಲೋ ಹಳ್ಳದಿಂದಲೋ ನೇರ ಎತ್ತಿದ ನೀರಿನಲ್ಲಿ ನೆನೆಸಿದ ಗೊಬ್ಬರ ಎಷ್ಟೇ ಕಳಿತದ್ದಾಗಿರಲಿ, ನೀರಿನ ದೋಷ ಹುಲ್ಲಿಗೆ ತಲುಪುತ್ತದೆ.

┃ ಬಾಕ್ಸ್: ಗಣಪನ ಗರಿಕೆ, ಆಟಗಾರನ ಟರ್ಫ್
ನಾವು ಗಣಪತಿಗೆ ಏರಿಸುವ ಗರಿಕೆಯೇ, ಈ ಭಾಗದವರ ಕರಕಿಯೇ, ಜಗತ್ತಿನ ಬಿಸಿನಾಡುಗಳ ಆಟದ ಮೈದಾನಗಳಿಗೆ ಹೊದಿಸುವ ಬರ್ಮುಡಾ ಹುಲ್ಲು. ಹಬ್ಬದಲ್ಲಿ ಮನೆಮಂದಿ ಮೈದಾನದ ಅಂಚಿನಿಂದಲೂ ಅದನ್ನು ಕಿತ್ತು ತರುತ್ತಾರೆ. ಗರಿಕೆಯ ರಸವನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರೂ ಇದ್ದಾರೆ. ಆ ರಸವನ್ನು ಕುದಿಸುವುದಿಲ್ಲ. ಸೆಗಣಿ ದ್ರವ ಸಿಂಪಡಿಸಿದ ಹುಲ್ಲಿನಿಂದ ರಸಕ್ಕೆ ಗರಿಕೆ ಕೀಳಲೇಬಾರದು. ತೊಳೆದ ಮಾತ್ರಕ್ಕೆ ರೋಗಾಣು ಪೂರ್ತಿ ಹೋಗದು. ಸಿಂಪಡಿಸಿದ ಜಾಗದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಫಲಕ ಹಾಕುವುದು ಒಳ್ಳೆಯದು.

ಎದುರು ಬರುವ ಮಾತುಗಳು

‘ಅಜ್ಜ-ಅಜ್ಜಿಯರು ಜೀವನವಿಡೀ ಸೆಗಣಿಯಲ್ಲಿ ಕೈಯಾಡಿಸಿದರು, ಅವರಿಗೇನಾಯಿತು?’ ಇದು ಮೊದಲ ಆಕ್ಷೇಪ, ತೂಕದ್ದೂ ಹೌದು. ದನಗಳ ಜೊತೆಗೇ ಬೆಳೆದ ದೊಡ್ಡವರಿಗೆ ಕೆಲವು ಸೋಂಕುಗಳ ವಿರುದ್ಧ ಒಂದಿಷ್ಟು ಪ್ರತಿರೋಧ ಬಂದಿರುತ್ತದೆ. ಆದರೆ ಆ ಕಾಲದಲ್ಲಿ ವಾಂತಿಭೇದಿಯಿಂದ ತೀರಿಕೊಂಡ ಮಕ್ಕಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬದುಕುಳಿದವರ ಸಾಕ್ಷ್ಯ ಮಾತ್ರ ನಮ್ಮ ಮುಂದಿದೆ. ಅಲ್ಲದೆ ಸಾರಿಸಿದ ಅಂಗಳ ತೆಳುವಾಗಿ ಒಣಗುತ್ತಿತ್ತು, ಬಿಸಿಲು ಕಾಣುತ್ತಿತ್ತು. ಬೆಲ್ಲ ಹಾಕಿ ಎರಡು ದಿನ ಬೆಳೆಸಿದ ದ್ರವವನ್ನು ಅವರು ಅಂಗಳಕ್ಕೆ ಚಿಮುಕಿಸುತ್ತಿರಲಿಲ್ಲ. ನಿಜಕ್ಕೂ ಹಿರಿಯರ ವಿವೇಕ ತಿಳಿಯಬೇಕಾದರೆ ಕುಸ್ತಿಯ ಅಖಾಡ ನೋಡಬೇಕು. ರಾಜರ್ಷಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಮೈದಾನವಿರುವ ಈ ಸೀಮೆಯಲ್ಲಿ ಅಖಾಡದ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸುವುದು ವಾಡಿಕೆ. ಹೊಲದ ಮಣ್ಣಿಗೆ ಹಾಕುವುದು ಬೇರೆ, ಮೈ ತಾಗುವ ಮಣ್ಣಿಗೆ ಹಾಕುವುದು ಬೇರೆ ಎಂಬ ತಿಳಿವಳಿಕೆ ಅಲ್ಲಿದೆ. ಹುಲ್ಲಿನ ಮೈದಾನಕ್ಕೂ ನಾವು ಕೇಳುತ್ತಿರುವುದು ಅದೇ ಭೇದವನ್ನು.

‘ದೇಸಿ ಹಸುವಿನ ಸೆಗಣಿಯಲ್ಲಿ ರೋಗಾಣು ಇರದು’ ಎಂಬುದು ಎರಡನೆಯ ಮಾತು. ಕರುಳಿನ ಬ್ಯಾಕ್ಟೀರಿಯಾಗೆ ತಳಿಯ ಹಂಗಿಲ್ಲ. ಭಾರತದ ದನಗಳಲ್ಲೂ ವಿಷಕಾರಿ ಇ-ಕೋಲೈ ತಳಿಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಒ-157ರಿಂದ ಕಾಯಿಲೆಯಾದ ವರದಿಗಳು ನಮ್ಮಲ್ಲಿ ಅಪರೂಪವೆಂಬುದೂ ನಿಜ, ಮತ್ತು ಅದು ಸಮಾಧಾನದ ಸಂಗತಿ. ಆದರೆ ಮಗುವಿನ ಭೇದಿಗೆ ಯಾವ ತಳಿ ಕಾರಣವೆಂದು ನಮ್ಮ ಊರುಗಳಲ್ಲಿ ಪರೀಕ್ಷಿಸುವುದೇ ಕಡಿಮೆ. ಸಾಲ್ಮೊನೆಲ್ಲಾ, ಕರುಗಳ ಸೆಗಣಿಯಲ್ಲಿ ಕಾಣುವ ಕ್ರಿಪ್ಟೊಸ್ಪೊರಿಡಿಯಂ ಮುಂತಾದವು ಪಟ್ಟಿಯಲ್ಲಿ ಉಳಿದೇ ಇವೆ.

‘ಒಳ್ಳೆಯ ಜೀವಾಣುಗಳು ಕೆಟ್ಟವನ್ನು ಸೋಲಿಸುತ್ತವೆ, ಗಾಳಿ ಊದಿದರೆ ಕೆಟ್ಟವು ಸಾಯುತ್ತವೆ’ ಎಂಬುದು ಮೂರನೆಯದು. ಮೊದಲರ್ಧದಲ್ಲಿ ಸತ್ಯಾಂಶವಿದೆ. ಚೆನ್ನಾಗಿ ಕಳಿತ ಗೊಬ್ಬರದ ಜೀವಸಮುದಾಯ ರೋಗಾಣುಗಳಿಗೆ ಎಡೆ ಕೊಡುವುದು ಕಡಿಮೆ. ಆದರೆ ಬೆಲ್ಲ ಹಾಕಿದಾಗ ಎಲ್ಲರಿಗೂ ಊಟ ಸಿಕ್ಕು ಆ ಪೈಪೋಟಿ ಸಡಿಲವಾಗುತ್ತದೆ. ಇನ್ನು ಇ-ಕೋಲೈ ಗಾಳಿ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಜೀವಿ. ಗಾಳಿ ಊದುವುದರಿಂದ ಅದು ಸಾಯುವುದಿಲ್ಲ. ಅದನ್ನು ಖಚಿತವಾಗಿ ಕೊಲ್ಲುವುದು ಬಿಸಿ. ಗೊಬ್ಬರದ ರಾಶಿಯ ಒಳಭಾಗ 55 ಡಿಗ್ರಿ ಸೆಲ್ಸಿಯಸ್ ಮೇಲೇರಿ ಹಲವು ದಿನ ಹಾಗೇ ಇರಬೇಕು. ಬಯಲಿನ ಸಾಲುರಾಶಿಯಾದರೆ 15 ದಿನ, ಅಷ್ಟರಲ್ಲಿ ಕನಿಷ್ಠ 5 ಸಲ ಮಗುಚಬೇಕು ಎಂಬುದು ಅಮೆರಿಕದ ಸಾವಯವ ನಿಯಮ. ಮಗುಚದಿದ್ದರೆ ಹೊರಗಿನ ತಣ್ಣಗಿನ ಪದರದಲ್ಲಿ ರೋಗಾಣು ಹಾಗೇ ಉಳಿಯುತ್ತದೆ.

‘ಹುಲ್ಲಿಗೆ ಇದರಿಂದ ಅಷ್ಟು ಲಾಭವಿರುವಾಗ ಇಷ್ಟು ಹೆದರಿಕೆ ಏಕೆ?’ ಎಂಬ ಪ್ರಶ್ನೆಗೆ ಲಾಭವನ್ನೇ ಅಳೆದು ನೋಡಬೇಕು. ಒಂದು ಡ್ರಮ್ಮು ಜೀವಾಮೃತದ ಸೆಗಣಿ, ಮೂತ್ರ, ಹಿಟ್ಟು ಎಲ್ಲ ಕೂಡಿಸಿದರೂ ಸಾರಜನಕ ಸುಮಾರು ಕಾಲು ಕಿಲೋ. ಆಡಿ ತುಳಿದ ಗರಿಕೆ ಮತ್ತೆ ಚಿಗುರಲು ಎಕರೆಗೆ ವರ್ಷಕ್ಕೆ ಹತ್ತಾರು ಕಿಲೋ ಬೇಕು. ಇದು ಆಹಾರವಲ್ಲ, ಜೀವಾಣುವಿನ ಹೆಪ್ಪು ಎಂಬುದು ಪ್ರತಿಪಾದಕರ ಉತ್ತರ. ಸರಿ, ಆದರೆ ಅದೇ ಜೀವಾಣುಗಳು ಕಳಿತ ಗೊಬ್ಬರದಲ್ಲಿ ಆಹಾರದ ಸಮೇತ ಇವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಂಗಳದಲ್ಲಿ 2008ರಲ್ಲಿ ಶುರುವಾದ ಸಾವಯವ ಹುಲ್ಲುಹಾಸಿನ ಪ್ರಯೋಗವನ್ನು ಕಾಂಪೋಸ್ಟ್ ಟೀಯ ಗೆಲುವೆಂದು ಎತ್ತಿ ತೋರಿಸುವುದುಂಟು. ಅಲ್ಲಿ ನೀರಾವರಿ ಸುಮಾರು ಶೇ 30ರಷ್ಟು ಇಳಿಯಿತು. ಆದರೆ ಅಲ್ಲಿ ಟೀ ಜೊತೆಗೆ ಕಳಿತ ಗೊಬ್ಬರವನ್ನೂ ಹರಡಿದ್ದರು, ಬಿಗಿದ ಮಣ್ಣನ್ನೂ ಸಡಿಲಿಸಿದ್ದರು. ಶ್ರೇಯವನ್ನು ದ್ರವಕ್ಕೊಂದಕ್ಕೇ ಕೊಡಲಾಗದು. ಟೀ ಒಂದನ್ನೇ ಬಳಸಿ ಹುಲ್ಲಿನ ರೋಗ ತಡೆಯಲು ಹೊರಟ ಪ್ರಯೋಗಗಳ ಫಲ ಒಂದೆಡೆ ಒಂದು ಬಗೆ, ಇನ್ನೊಂದೆಡೆ ಇನ್ನೊಂದು ಬಗೆ. ಈ ವಿಷಯವನ್ನು ಬಹುಕಾಲ ಪರಿಶೀಲಿಸಿದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದ ಲಿಂಡಾ ಚಾಕರ್-ಸ್ಕಾಟ್ ಅವರ ನಿಲುವೂ ಟೀಗಿಂತ ಗೊಬ್ಬರವನ್ನೇ ನೆಲದ ಮೇಲೆ ಹರಡುವುದರ ಕಡೆಗಿದೆ. ಲಾಭ ಅನಿಶ್ಚಿತ, ಅಪಾಯ ತಪ್ಪಿಸಬಹುದಾದದ್ದು, ಬದಲಿ ದಾರಿ ಕೈಯಳತೆಯಲ್ಲಿದೆ ಎಂದಾಗ ತೀರ್ಮಾನ ಕಷ್ಟವಲ್ಲ.

‘ಹಾಗಾದರೆ ಮತ್ತೆ ಯೂರಿಯಾ, ಕೀಟನಾಶಕವೇ?’ ಎಂಬುದು ಕೊನೆಯ, ಎಲ್ಲಕ್ಕಿಂತ ನೋವಿನ ಆಕ್ಷೇಪ. ಖಂಡಿತ ಅಲ್ಲ. ಮಕ್ಕಳು ಹೊರಳುವ ಹುಲ್ಲಿಗೆ ವಿಷ ಸಿಂಪಡಿಸುವುದು ಇನ್ನೂ ಕೆಟ್ಟದ್ದು. ಸಾವಯವದ ದಾರಿಯನ್ನು ಬಿಡಬೇಕಿಲ್ಲ. ಅದರೊಳಗೇ ಹೆಚ್ಚು ಸುರಕ್ಷಿತವಾದ ಕವಲಿದೆ.

ಮೈದಾನಕ್ಕೆ ಬೇಕಾದದ್ದು ಹುಡಿ ಗೊಬ್ಬರ

ಆ ಕವಲು ಚೆನ್ನಾಗಿ ಬಿಸಿಯೇರಿ ಕಳಿತ, ಜರಡಿ ಹಿಡಿದ ಗೊಬ್ಬರ. ಆಟದ ಹಂಗಾಮು ಮುಗಿದು ಮುಂಗಾರು ಕಾಲಿಡುವ ಹೊತ್ತಿಗೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಬಿಗಿದ ನೆಲಕ್ಕೆ ಮೊಳೆಯ ಉರುಳೆಯಿಂದ ತೂತು ಹೊಡೆದು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಗೊಬ್ಬರ ಹರಡಿ ಪೊರಕೆಯಿಂದ ಇಳಿಸಬೇಕು. ಎಕರೆಗೆ ಸುಮಾರು 20 ಘನ ಮೀಟರ್ ಬೇಕು. ಮಳೆ ಅದನ್ನು ಬೇರಿಗೆ ಮುಟ್ಟಿಸುತ್ತದೆ, ಗರಿಕೆ ಅದರ ಮೇಲೆ ಹಬ್ಬಿಕೊಳ್ಳುತ್ತದೆ. ಮೈದಾನ ಹೇಗೂ ಬಿಡುವಾಗಿರುವ ಕಾಲವಾದ್ದರಿಂದ ಮೂರು ವಾರ ಬೀಗ ಹಾಕಿದರೆ ಯಾರಿಗೂ ನಷ್ಟವಿಲ್ಲ. ಈ ಸೀಮೆಯಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯೂ ಇಲ್ಲ. ಕಬ್ಬಿನ ರವದಿ, ಸಕ್ಕರೆ ಕಾರ್ಖಾನೆಯ ಮಡ್ಡಿ, ಹಟ್ಟಿಯ ಸೆಗಣಿ ಸೇರಿದರೆ ಒಳ್ಳೆಯ ಬಿಸಿರಾಶಿ ಏಳುತ್ತದೆ. ಕಣೇರಿಯ ಸಿದ್ಧಗಿರಿ ಮಠದ ಆಶ್ರಯದಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇದೆ. ಸಾವಯವದಲ್ಲಿ ನುರಿತ ರೈತರು ಗಡಿಯ ಎರಡೂ ಬದಿಯಲ್ಲಿದ್ದಾರೆ. ಹೊಲಕ್ಕಾಗಿ ಇರುವ ಆ ಜ್ಞಾನವನ್ನು ಮೈದಾನಕ್ಕೆ ತಕ್ಕಂತೆ ತಿದ್ದಿಕೊಂಡರೆ ಸಾಕು.

ದ್ರವರೂಪವೇ ಬೇಕೆನ್ನುವವರಿಗೂ ದಾರಿ ಇದೆ. ಬಿಸಿಯಲ್ಲಿ ಕಳಿತ ಗೊಬ್ಬರದ, ಬೆಲ್ಲವಿಲ್ಲದ, ಕುಡಿಯುವ ನೀರಿನಲ್ಲಿ ನೆನೆಸಿದ ಟೀ ಹೊರಗೆ ಕೂತು ನೋಡುವ ಲಾನಿಗೆ, ಹೂದೋಟದ ಅಂಚಿಗೆ ಸಲ್ಲುತ್ತದೆ. ಜೀವಾಮೃತಕ್ಕೆ ಕಬ್ಬು, ಜೋಳ, ಹಣ್ಣಿನ ಮರಗಳ ಬುಡ ಇದ್ದೇ ಇವೆ. ಅಂಗನವಾಡಿಯ ಅಂಗಳ, ಶಾಲೆಯ ಮೈದಾನ, ಆಸ್ಪತ್ರೆಯ ಮುಂದಿನ ಹುಲ್ಲು, ಇವುಗಳಿಗೆ ಮಾತ್ರ ಅದು ಬೇಡ.

┃ ಬಾಕ್ಸ್: ದ್ರವಗೊಬ್ಬರ ಬಳಸಲೇಬೇಕಾದರೆ
• 55 ಡಿಗ್ರಿ ದಾಟಿ ಕಳಿತ ಗೊಬ್ಬರವನ್ನೇ ಬಳಸಿ. ಹಸಿ ಸೆಗಣಿ, ಗೋಮೂತ್ರ ಬೇಡ.
• ಬೆಲ್ಲ, ಕಾಕಂಬಿ, ಹಿಟ್ಟು ಸೇರಿಸಬೇಡಿ. ಕುಡಿಯುವ ಗುಣಮಟ್ಟದ ನೀರಿರಲಿ.
• ಡ್ರಮ್ಮು, ಕೊಳವೆ, ಜರಡಿಗಳನ್ನು ಪ್ರತಿ ಸಲ ತೊಳೆದು ಬಿಸಿಲಿಗೆ ಒಣಗಿಸಿ. ತಯಾರಾದ ದಿನವೇ ಬಳಸಿ ಮುಗಿಸಿ.
• ಸಣ್ಣ ಹನಿಯ ಪಂಪು ಬೇಡ. ಝಾರಿಯಿಂದ ದಪ್ಪ ಹನಿಯಾಗಿ ನೆಲಕ್ಕೆ ಸುರಿದು, ಮೇಲೆ ಶುದ್ಧ ನೀರು ಹಾಯಿಸಿ ಬೇರಿಗೆ ಇಳಿಸಿ.
• ಬಿಸಿಲಿನ ದಿನ ಆರಿಸಿ. ಮಳೆ ಬರುವಂತಿದ್ದರೆ ಮುಂದಕ್ಕೆ ಹಾಕಿ. ಬಾವಿ, ಹಳ್ಳದ ಅಂಚಿನಿಂದ ದೂರವಿರಿ.
• ಆಡುವ ಜಾಗವಾದರೆ ಮೂರು ವಾರ ಮುಚ್ಚಿ, ಫಲಕ ಹಾಕಿ.
• ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇ-ಕೋಲೈ ಎಣಿಕೆ ಮಾಡಿಸಿ.
• ಕೆಲಸಗಾರರಿಗೆ ಕೈಗವಸು, ಮುಖಗವಸು, ಗಂಬೂಟು, ಸೋಪು ಮತ್ತು ಟಿ.ಡಿ. ಚುಚ್ಚುಮದ್ದು ಕಡ್ಡಾಯ.

ಮೈದಾನದಲ್ಲಿ ದ್ರವಗೊಬ್ಬರದಿಂದಲೇ ದೊಡ್ಡ ಅನಾಹುತವಾಯಿತೆಂಬ ಪ್ರಕರಣ ಗೊತ್ತಿಲ್ಲದಿರುವಾಗ ಇಷ್ಟೆಲ್ಲ ಕಟ್ಟುಪಾಡು ಬೇಕೇ ಎಂದು ಯಾರಾದರೂ ಕೇಳಬಹುದು. ಅನಾಹುತಕ್ಕಾಗಿ ಕಾದು ನಿಯಮ ಮಾಡುವುದು ಬ್ರಿಟನ್ನಿನಲ್ಲಿ ಆದ ಕಥೆ. ಅವರ ಪಾಠವನ್ನು ನಾವು ನಮ್ಮ ಮಕ್ಕಳ ಬೆಲೆ ತೆರದೆ ಕಲಿಯಬಹುದು. ಸಾವಯವದ ಮೇಲೆ ಜನರಿಟ್ಟ ನಂಬಿಕೆ ದೊಡ್ಡ ಆಸ್ತಿ. ಒಂದು ಶಾಲೆಯ ಮಕ್ಕಳು ಆಸ್ಪತ್ರೆ ಸೇರಿದರೆ ಆ ನಂಬಿಕೆಯ ಜೊತೆ ರೈತರ ವರ್ಷಗಳ ಶ್ರಮವೂ ಕುಸಿಯುತ್ತದೆ. ಹೀಗಾಗಿ ಈ ಎಚ್ಚರ ಸಾವಯವದ ಶತ್ರುಗಳ ಬಾಯಿಂದಲ್ಲ, ಅದನ್ನು ಪ್ರೀತಿಸುವವರಿಂದಲೇ ಬರಬೇಕು. ಪಂಚಾಯ್ತಿ, ನಗರಸಭೆ, ಶಾಲಾ ಸಮಿತಿ, ಕ್ರೀಡಾಸಂಘಗಳು ಮುಂದಿನ ಮುಂಗಾರಿಗೆ ಮೊದಲೇ ಕೂತು ಮೂರು ನಿರ್ಣಯ ಮಾಡಲಿ: ಮಕ್ಕಳು ಆಡುವ ಹುಲ್ಲಿಗೆ ಹಸಿ ಸೆಗಣಿಯ ಯಾವ ದ್ರವವೂ ಇಲ್ಲ, ಹಾಕುವುದಾದರೆ ಕಳಿತ ಗೊಬ್ಬರ, ಅದೂ ಬಿಡುವಿನ ಕಾಲದಲ್ಲಿ, ಹಾಕುವ ಕೈಗಳಿಗೆ ಮೊದಲು ರಕ್ಷಣೆ. ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಹೊಲಕ್ಕೂ ಮೈದಾನಕ್ಕೂ ಇರುವ ವ್ಯತ್ಯಾಸವನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸುಲಭ.